ನೂರು ಗ್ರಾಂ, ತೆಳ್ಳಗೆ

ಮಂಗಳವಾರ ಅವನು ಬರುತ್ತಾನೆ, ಶುಕ್ರವಾರ ಅವಳು.
ಇಬ್ಬರೂ ಕೇಳುವುದು ಅದೇ:
ನೂರು ಗ್ರಾಂ ಸಲಾಮಿ, ತೆಳ್ಳಗೆ,
ಕಾಗದದಲ್ಲಿ ಸುತ್ತು, ಚೀಲ ಬೇಡ,
ಮನೆಯಲ್ಲಿ ಹೇಳಬೇಡ.

ಹೇಳುವುದಿಲ್ಲ.
ನಲವತ್ತೊಂದು ವರ್ಷ ಪಾಯ್ಸಾಂದೂವಿನ ಈ ಮೂಲೆಯಂಗಡಿಯಲ್ಲಿ ಕೂತವನಿಗೆ
ತಕ್ಕಡಿ ಕಲಿಸಿದ್ದು ಮೊದಲು ತೂಗುವುದು, ಆಮೇಲೆ
ಬಾಯಿ ಮುಚ್ಚುವುದು.

ಎಲ್ಬಿಯೊ ಅದನ್ನು ಉರುಗ್ವೆ ಹೊಳೆಯ ದಂಡೆಯಲ್ಲಿ ನಿಂತು ತಿನ್ನುತ್ತಾನೆ,
ನಿಬಿಯಾ ಚರ್ಚಿನ ಹಿಂದಿನ ಬೆಂಚಿನಲ್ಲಿ.
ಇಬ್ಬರೂ ಜಿಡ್ಡುಗಾಗದವನ್ನು ನಾಲ್ಕು ಮಡಿಕೆ ಮಡಚಿ
ನನ್ನ ಬಾಗಿಲ ಡಬ್ಬಕ್ಕೇ ತಂದು ಹಾಕುತ್ತಾರೆ.
ಯಾರು ಯಾರಿಂದ ಕಲಿತರೋ ಆ ನಾಲ್ಕು ಮಡಿಕೆ.

ಮದುವೆಯ ಹೊಸದರಲ್ಲಿ ಹೀಗಿರಲಿಲ್ಲ, ನನಗೆ ನೆನಪಿದೆ.
ಅವನು ಹೊಗೆ ಬಿಡುವ ಚಿಮಣಿ, ಬಂದರಿನಲ್ಲಿ ಕ್ರೇನಿನ ಕೆಲಸ,
ಮಧ್ಯರಾತ್ರಿಗೆ ಊಟ, ಮಧ್ಯಾಹ್ನಕ್ಕೆ ಬೆಳಗು.
ಅವಳು ಈಜುವವಳು. ಜುಲೈಯ ಚಳಿಯಲ್ಲೂ
ಕ್ಲಬ್ಬಿನ ಕೊಳಕ್ಕೆ ಇಳಿದು, ಒದ್ದೆ ಕೂದಲಲ್ಲೇ
ಸಕ್ಕರೆ ಕೊಳ್ಳಲು ಬರುತ್ತಿದ್ದಳು.
ಮಾಟೆ ಸೊಪ್ಪಿನ ಕಷಾಯಕ್ಕೆ ಸಕ್ಕರೆ ಸುರಿದು ಕುಡಿಯುವವಳು ಅವಳು;
ಅವನು ಕಹಿಯ ಕಟ್ಟಾಳು.
ಆದರೆ ಸೋರೆಬುರುಡೆ ಒಂದೇ, ಹೀರುಗೊಳವೆ ಒಂದೇ,
ಅವನ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕೂ ಒಂದೇ.
ಮೊದಲು ಒಂದು ಚಮಚ ತಗ್ಗಿತು, ಆಮೇಲೆ ಅರ್ಧ,
ಆಮೇಲೆ ಅವಳು ಸಕ್ಕರೆ ಕೇಳುವುದನ್ನೇ ಮರೆತಳು.
ಅವನು ಸಿಗರೇಟು ಕೇಳುವುದನ್ನು ಮರೆತದ್ದು ಯಾವಾಗ?
ಸಾಲದ ಪುಸ್ತಕ ತಿರುವಿದರೆ ಸಿಗುತ್ತದೆ:
ಅದೇ ಚಳಿಗಾಲ.
ಅವಳು ಈಜು ಬಿಟ್ಟದ್ದೂ
ಅದೇ ಚಳಿಗಾಲ.

ಕಳೆದ ಮಾರ್ಚಿನಲ್ಲಿ ದವಾಖಾನೆಯ ಹೊಸ ಡಾಕ್ಟರು ಹುಡುಗಿ
ಇಬ್ಬರ ತೋಳಿಗೂ ಪಟ್ಟಿ ಸುತ್ತಿ, ಗಾಳಿ ಒತ್ತಿ,
ಎರಡು ಚೀಟಿ ಅಕ್ಕಪಕ್ಕ ಇಟ್ಟು ನಕ್ಕಳಂತೆ:
“ನೀವೇನು ಅಣ್ಣತಂಗಿಯರೇ? ಒಂದೇ ರಕ್ತದ ಹಾಗೆ ಕುದಿಯುತ್ತಿದೆ.”
“ರಕ್ತವಲ್ಲ ತಾಯಿ, ಮಡಕೆ” ಅಂದಳಂತೆ ನಿಬಿಯಾ.
“ಮೂವತ್ತೆಂಟು ವರ್ಷ ಒಂದೇ ಮಡಕೆ.”
ಉಪ್ಪು ತಿಂದವರು ನೀರು ಕುಡಿಯಲೇಬೇಕು, ನಿಜ;
ಒಬ್ಬರ ಕೈಮೀರಿದ ಉಪ್ಪಿಗೆ ಇಬ್ಬರೂ ಕುಡಿಯಬೇಕೆಂದು
ಯಾವ ಗಾದೆಯಲ್ಲಿದೆ?

ಅಂದಿನಿಂದ ಅವರ ಮನೆಯಲ್ಲಿ ಉಪ್ಪಿಲ್ಲ.
ಅವನಿಗಾಗಿ ಅವಳು ಬಿಟ್ಟಳು, ಅವಳಿಗಾಗಿ ಅವನು.
ಸಂಜೆ ಆರಕ್ಕೆ ಇಬ್ಬರೂ ನಡೆಯುತ್ತಾರೆ ದಂಡೆಗುಂಟ;
ಅವನ ಎಡಮೊಣಕಾಲಿನ ನೋವು
ಅವಳ ಹೆಜ್ಜೆಗೂ ಒಂದಿಷ್ಟು ಕುಂಟು ಕೊಟ್ಟಿದೆ.
ಒಬ್ಬರಿಗೊಬ್ಬರು ಕಾವಲು. ಅದಕ್ಕೇ
ಮಂಗಳವಾರ, ಶುಕ್ರವಾರ.

ನೀನು ಯಾಕೆ ಕೊಡುತ್ತೀ? ಕೇಳಬೇಕಾದ ಮಾತೇ.
ವ್ಯಾಪಾರ ಅನ್ನೋಣವೆಂದರೆ ನೂರು ಗ್ರಾಮಿಗೆ ಸಿಗುವುದು ಅಷ್ಟರಲ್ಲೇ ಇದೆ.
ಈಚೆಗೆ ಎಂಬತ್ತೇ ತೂಗುತ್ತೇನೆ,
ಹೆಬ್ಬೆರಳು ತಟ್ಟೆಗೆ ತಾಗಿಸಿ.
ದೇವರು ಕ್ಷಮಿಸಲಿ, ಈ ತಕ್ಕಡಿಯ ಮೊದಲ ಮೋಸ.
ಮುಂದಿನ ತಿಂಗಳು ಎಪ್ಪತ್ತು.

ನನ್ನ ಜುಲ್ಮಾ ಬೇಕರಿಯಲ್ಲಿದ್ದಳು; ಮೂರೂವರೆಗೆ ಏಳಬೇಕು.
ಬೈಯುತ್ತಿದ್ದೆ: ದೀಪ ಆರಿಸು, ಬಾಗಿಲು ಮೆಲ್ಲಗೆ, ನಾನು ಮನುಷ್ಯ.
ಅವಳು ಹೋಗಿ ಆರು ವರ್ಷ.
ಮೂರೂವರೆಗೆ ಎದ್ದು ಕೂತಿರುತ್ತೇನೆ,
ಅಲಾರಂ ಇಲ್ಲ, ಕೆಲಸವಿಲ್ಲ, ಹಿಟ್ಟು ನಾದಬೇಕಾಗಿಲ್ಲ.
ಡಾಕ್ಟರು ಹುಡುಗಿ ನಿದ್ದೆಯ ಕಾಯಿಲೆ ಎಂದು ಬರೆದುಕೊಂಡಳು,
ಮಾತ್ರೆ ಕೊಟ್ಟಳು. ಕಪಾಟಿನಲ್ಲಿದೆ.
ನುಂಗಿದರೆ ನಿದ್ದೆ ಬಂದುಬಿಡುತ್ತದೇನೋ.

ನಿನ್ನೆ ಗುರುವಾರ. ಇಬ್ಬರೂ ಒಟ್ಟಿಗೆ ಬಂದರು,
ಬುರುಡೆ ಅವಳ ಕೈಯಲ್ಲಿ, ಫ್ಲಾಸ್ಕು ಅವನ ಕಂಕುಳಲ್ಲಿ.
ಉಪ್ಪಿಲ್ಲದ ಬಿಸ್ಕತ್ತು ಕೇಳಿದರು.
ಗಾಜಿನಾಚೆ ತೂಗುತ್ತಿದ್ದ ಸಲಾಮಿಯನ್ನು
ಅವನೂ ನೋಡಲಿಲ್ಲ, ಅವಳೂ ನೋಡಲಿಲ್ಲ,
ಒಂದೇ ಸಲ
ಒಂದೇ ಕಡೆಗೆ ಮುಖ ತಿರುಗಿಸಿ.